ಪಕ್ಕದ ಸೀಟಿಗೆ ತಕ್ಕ ಚಕ್ರ

ನಮ್ಮ ಅಂಗಡಿಗೆ ಬಂದವರು ಮೊದಲು ಗೋಡೆ ನೋಡುತ್ತಾರೆ. ಗೋಡೆಯ ತುಂಬ ರಿಮ್‌ಗಳು ನೇತಾಡುತ್ತಿರುತ್ತವೆ: ಕರಿಯವು, ಬೆಳ್ಳಿ ಬಣ್ಣದವು, ತಾಮ್ರದ ಹೊಳಪಿನವು, ಕಡ್ಡಿ ಎಷ್ಟಿದೆ ಎಂದು ಎಣಿಸಲೂ ಆಗದಂಥವು. ಅವನ್ನು ನೋಡಿ ಬಾಯಲ್ಲಿ ನೀರೂರಿಸಿಕೊಂಡು, "ನನ್ನ ಗಾಡಿಗೆ ಎಲ್ಲಕ್ಕಿಂತ ದೊಡ್ಡದು ಅಂದ್ರೆ ಯಾವುದು ಕೂರುತ್ತೆ?" ಎಂದು ಕೇಳುತ್ತಾರೆ. ಆಗ ನನ್ನ ಭಾವ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, ಪ್ಯಾಂಟಿಗೆ ಕೈ ಒರೆಸಿಕೊಂಡು, ಯಾವ ಅವಸರವೂ ಇಲ್ಲದೆ ಒಂದು ಪ್ರಶ್ನೆ ಹಾಕುತ್ತಾರೆ.

"ಪಕ್ಕದಲ್ಲಿ ಯಾರು ಕೂರ್ತಾರೆ?"

ಗಾಡಿ ನನ್ನದು, ಓಡಿಸುವವನು ನಾನು, ಪಕ್ಕದಲ್ಲಿ ಯಾರು ಕೂತರೆ ಇವರಿಗೇನು ಎಂದು ಮುಖ ಗಂಟು ಹಾಕಿಕೊಂಡು ಹೊರಟವರಿದ್ದಾರೆ. ಹಾಗೆ ಹೊರಟವರ ಹಿಂದೆ ಬೀದಿಯವರೆಗೆ ಓಡಿ, ಹಲ್ಲು ಕಿರಿದು, ಸಮಾಧಾನ ಮಾಡಿ ವಾಪಸ್ ಕರೆತರುವುದು ನನ್ನ ಕೆಲಸ. ನಾನು ಅವರ ಹೆಂಡತಿಯ ತಮ್ಮ. ಬೇರೆ ಕೆಲಸ ಸಿಗುವವರೆಗೆ ಎಂದು ಬಂದು ವೀಲ್ ಬ್ಯಾಲೆನ್ಸ್ ಮಾಡುವ ಮೆಷಿನ್ ಮುಂದೆ ನಿಂತವನು, ಇನ್ನೂ ಅಲ್ಲೇ ನಿಂತಿದ್ದೇನೆ. ಬೇರೆ ಕೆಲಸ ಹುಡುಕುವುದನ್ನು ಯಾವಾಗ ನಿಲ್ಲಿಸಿದೆ ಎಂಬುದು ನನಗೇ ನೆನಪಿಲ್ಲ.

ಭಾವನ ಬಗ್ಗೆ ಹೊಗಳಿ ಮಾತಾಡುವುದು ಭಾಮೈದನಾದವನಿಗೆ ಶೋಭೆಯಲ್ಲ, ಗೊತ್ತು. ಅಕ್ಕನ ಮದುವೆಯಾದಾಗ ನನಗೆ ಅವರು ಹಿಡಿಸಿರಲೂ ಇಲ್ಲ. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಹೊಸದಾಗಿ ಮನೆಗೆ ಬಂದ ಅಳಿಯ ನಮ್ಮಪ್ಪನ ಹತ್ತಿರ ಒಂದೆರಡು ಒಳ್ಳೆಯ ಮಾತಾಡುವುದು ಬಿಟ್ಟು, ಹೊರಗೆ ಹೋಗಿ ಅಪ್ಪನ ಸ್ಕೂಟರಿನ ಟೈರನ್ನು ಬೆರಳಲ್ಲಿ ಸವರುತ್ತ ಕುಳಿತಿದ್ದರು. ಒಳಗೆ ಬಂದು, "ಮಾವ, ನೀವು ಎಡಗಾಲು ಊರಿ ನಿಲ್ಲಿಸ್ತೀರಿ, ಅಲ್ವಾ? ಬಲ ಮಂಡಿ ನೋವಿದೆಯಾ?" ಎಂದು ಕೇಳಿದರು. ಅಪ್ಪ ಆ ನೋವನ್ನು ಅಮ್ಮನಿಗೂ ಹೇಳಿರಲಿಲ್ಲ. ನನಗೆ ಮೈ ಉರಿಯಿತು. ಅಮ್ಮ ಮಾತ್ರ ಆವತ್ತೇ ಅಳಿಯನಿಗೆ ಒಲಿದುಬಿಟ್ಟಳು.

ಟೈರು ನೋಡಿ ಆಳನ್ನು ಓದುವ ಈ ವಿದ್ಯೆ ಅವರಿಗೆ ಬಂದದ್ದು ಹಳೇ ಟೈರುಗಳಿಂದ. ಅಂಗಡಿ ಹಾಕುವ ಮುಂಚೆ ಸವೆದ ಟೈರಿಗೆ ಹೊಸ ರಬ್ಬರು ಹಚ್ಚುವ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ದಿನವಿಡೀ ಸತ್ತ ಟೈರುಗಳನ್ನು ತಿರುಗಿಸಿ ತಿರುಗಿಸಿ ನೋಡುವುದೇ ಕೆಲಸ. ಅಂಚು ಮಾತ್ರ ಸವೆದದ್ದು, ನಡು ಮಾತ್ರ ಸವೆದದ್ದು, ಗುಂಡಿಗೆ ಬಡಿದು ಪಕ್ಕೆ ಒಡೆದದ್ದು, ಅಳತೆಗೆ ಮೀರಿದ ರಿಮ್ಮಿಗೆ ಹಾಕಿ ಮಡ್‌ಗಾರ್ಡಿಗೆ ಉಜ್ಜಿ ಉಜ್ಜಿ ದಾರ ಎದ್ದದ್ದು. "ಗಾಡಿಯೋರು ಏನು ಬೇಕಾದ್ರೂ ಹೇಳಲಿ, ಕೊನೆಗೆ ಟೈರು ನಿಜ ಹೇಳುತ್ತೆ" ಎನ್ನುತ್ತಾರೆ. ಅವರಿಗೆ ಸ್ಪೋರ್ಟ್ಸ್ ಕಾರು ಅಂದರೆ ಪ್ರಾಣ, ಆದರೆ ಸ್ವಂತಕ್ಕೆ ಇರುವುದು ಹಳೇ ಸ್ಕೂಟರು. ನಮ್ಮ ಅಂಗಡಿಗೆ ಅಂಥ ಕಾರುಗಳೇ ಹೆಚ್ಚಾಗಿ ಬರುತ್ತವೆ. ಹೊರಗಿನಿಂದ ನೋಡುವವರಿಗಾಗಿ ಚಕ್ರ ಹಾಕುವ ಅಂಗಡಿಗಳು ಬೇಕಾದಷ್ಟಿವೆ, ಒಳಗೆ ಕೂರುವವರಿಗಾಗಿ ಹಾಕುವುದು ಇದೊಂದೇ ಎಂದು ಬಾಯಿಂದ ಬಾಯಿಗೆ ಸುದ್ದಿ ಹರಡಿದೆ.

ಅವರ ಕೆಲಸದ ರೀತಿ ನೋಡಿದರೆ ತಾಳ್ಮೆ ಇಲ್ಲದವರಿಗೆ ಹುಚ್ಚೇ ಹಿಡಿಯಬೇಕು. ಮೊದಲು ಡ್ರೈವರ್ ಬಾಗಿಲು ತೆಗೆದು, ಅದರ ಚೌಕಟ್ಟಿನಲ್ಲಿ ಕಾರು ಮಾಡಿದವರು ಅಂಟಿಸಿದ ಚೀಟಿ ಓದುತ್ತಾರೆ. ಮೂಲ ಟೈರಿನ ಅಳತೆ ಅಲ್ಲಿರುತ್ತದೆ. ಆಮೇಲೆ ಒಂದು ಚಕ್ರ ಬಿಚ್ಚಿ, ಬ್ರೇಕಿನ ಮೇಲೆ ಮಕ್ಕಳು ಆಡುವ ಬಣ್ಣದ ಕ್ಲೇ ಉಂಡೆ ಮಾಡಿ ಅಂಟಿಸಿ, ಹೊಸ ರಿಮ್ಮನ್ನು ಕೂರಿಸಿ ಮೆಲ್ಲಗೆ ತಿರುಗಿಸುತ್ತಾರೆ. ಮತ್ತೆ ಬಿಚ್ಚಿದಾಗ ಚಪ್ಪಟೆಯಾದ ಕ್ಲೇ ಎಷ್ಟು ದಪ್ಪ ಉಳಿದಿದೆಯೋ ಅದು ಬ್ರೇಕಿಗೂ ರಿಮ್ಮಿಗೂ ನಡುವೆ ಉಳಿಯುವ ಜಾಗ. ನಂತರ ಮಡ್‌ಗಾರ್ಡಿನ ಒಳಮೈಗೆಲ್ಲ ಸೀಮೆಸುಣ್ಣ ಬಳಿಯುತ್ತಾರೆ. ಇಷ್ಟೆಲ್ಲ ಆದ ಮೇಲೆ ಒಳಗಿನ ಕೋಣೆಯ ಕಡೆ ತಿರುಗಿ, "ನೋಡು, ಸ್ವಲ್ಪ ಬಂದು ಕೂರ್ತೀಯಾ?" ಎಂದು ಕೂಗುತ್ತಾರೆ.

ಕೂರಬೇಕಾದವಳು ನನ್ನಕ್ಕ. ಮಧ್ಯಾಹ್ನದ ಊಟದ ಡಬ್ಬಿ ತಂದವಳು ಸಂಜೆಯವರೆಗೆ ಅಲ್ಲೇ ಇದ್ದು ಫೋನು ನೋಡಿಕೊಳ್ಳುತ್ತಾಳೆ. ಅಕ್ಕ ಧಾರಾಳ ಮೈಯವಳು. ನಾನು ಹೇಳುತ್ತಿಲ್ಲ, ಅವಳೇ ಹೇಳಿಕೊಳ್ಳುತ್ತಾಳೆ. ಚಪ್ಪಲಿ ಬಿಟ್ಟು, ಸೀರೆ ಸರಿಮಾಡಿಕೊಂಡು, ನೆಲಕ್ಕಂಟಿದಂಥ ಆ ಕಾರುಗಳ ಪಕ್ಕದ ಸೀಟಿನಲ್ಲಿ ಒಂದು ನಿಟ್ಟುಸಿರಿನೊಂದಿಗೆ ಇಳಿಯುತ್ತಾಳೆ. ಭಾವ ಕಾರನ್ನು ಬೀದಿಯ ಗುಂಡಿಗಳಲ್ಲೆಲ್ಲ ಇಳಿಸಿ ಹತ್ತಿಸಿ ಒಂದು ಸುತ್ತು ಹಾಕುತ್ತಾರೆ. ವಾಪಸ್ ಬಂದಾಗ ಸೀಮೆಸುಣ್ಣ ಎಲ್ಲಾದರೂ ಅಳಿಸಿದ್ದರೆ ಆ ಅಳತೆ ಕೂಡದು. ಖಾಲಿ ಗಾಡಿಯಲ್ಲಿ ಚೆಂದ ಕೂತ ಚಕ್ರ ಎಷ್ಟೋ ಸಲ ಅಕ್ಕ ಕೂತ ತಕ್ಷಣ ಮಡ್‌ಗಾರ್ಡಿಗೆ ತಾಗಿದೆ. "ನನ್ನ ತೂಕದಿಂದ ಎಷ್ಟು ಜನರ ಪ್ರಾಣ ಉಳಿದಿದೆ ನೋಡು" ಎಂದು ಅಕ್ಕ ನನ್ನ ಮುಂದೆ ಜಂಬ ಕೊಚ್ಚುತ್ತಾಳೆ.

ಅಂಥ ಒಂದು ಮಧ್ಯಾಹ್ನ, ಅಕ್ಕ ಇನ್ನೂ ಡಬ್ಬಿ ತೊಳೆಯುತ್ತಿದ್ದಾಗ, ಅಂಗಡಿ ಮುಂದೆ ಒಂದು ಕೆಂಪು ಕಾರು ಬಂದು ನಿಂತಿತು. ಎರಡೇ ಸೀಟು, ಹಳೆಯದು, ಆದರೆ ಕನ್ನಡಿಯಂತೆ ಉಜ್ಜಿಟ್ಟದ್ದು. ಚಕ್ರಗಳು ಮಾತ್ರ ಆ ಮೈಗೆ ವಿಪರೀತ: ಹದಿನೆಂಟು ಇಂಚಿನ ರಿಮ್ಮು, ಅದರ ಸುತ್ತ ಬಳೆ ತೊಡಿಸಿದ ಹಾಗೆ ಚೂರೇ ಚೂರು ರಬ್ಬರು. ನನಗಂತೂ ಕಣ್ಣು ಕೀಳಲಾಗಲಿಲ್ಲ. ಅದರೊಳಗಿಂದ ಒಬ್ಬ ಹಿರಿಯರು ಬಾಗಿಲ ಮೇಲೆ ಕೈಯೂರಿ ಮೇಲೆದ್ದು ಬಂದರು. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಜೇಬಲ್ಲಿ ಬಾಚಣಿಗೆ.

"ಬಸ್ ಡ್ರೈವರ್ ಆಗಿದ್ದೆ ಮೇಸ್ತ್ರಿ. ಆಯುಷ್ಯವೆಲ್ಲಾ ಹತ್ತಿ ಕೂತೋನು, ಈಗ ಇಳಿದು ಕೂರೋದು ಕಲೀತಿದ್ದೀನಿ" ಎಂದರು.

ಭಾವ ಎಂದಿನ ಪ್ರಶ್ನೆ ಕೇಳಿದರು. ಇವರೊಬ್ಬರು ಮಾತ್ರ ಮುಖ ಗಂಟು ಹಾಕಲಿಲ್ಲ. ಅದಕ್ಕಾಗಿಯೇ ಕಾದಿದ್ದವರಂತೆ, ಎದುರುಗಡೆ ಪ್ರಿಂಟಿಂಗ್ ಪ್ರೆಸ್ಸಿನ ಜಗಲಿಯ ಕಡೆ ಕೈ ತೋರಿಸಿದರು. ಅಲ್ಲಿ ತೆಳ್ಳಗಿನ ಒಬ್ಬ ಹೆಂಗಸು ಬೆನ್ನನ್ನು ಗೋಡೆಗೆ ಒರಗಿಸಿ, ನೆಟ್ಟಗೆ ನಿಂತಿದ್ದರು. ಬೆನ್ನುಮೂಳೆಯ ಆಪರೇಷನ್ ಆಗಿದೆಯಂತೆ. ಕಾರಲ್ಲಿ ಕೂತರೆ ಒಂದೊಂದು ಕುಲುಕಿಗೂ ಜೀವ ಬಾಯಿಗೆ ಬರುತ್ತದಂತೆ. ಅದಕ್ಕೇ ಗಂಡ ಕಾರಲ್ಲಿ, ಹೆಂಡತಿ ನಡೆದು ಬಂದಿದ್ದರು.

"ಬಸ್ಸಲ್ಲಿ ನನ್ನ ಹಿಂದೆ ಊರೆಲ್ಲಾ ಕೂರ್ತಿತ್ತು. ಒಂದೊಂದ್ಸಲ ಇವಳೂ ಕೂರ್ತಿದ್ಲು, ಮೂರನೇ ಸಾಲಲ್ಲಿ. ಕನ್ನಡಿಯಲ್ಲಿ ನೋಡ್ತಿದ್ದೆ ಅಷ್ಟೆ. ಡ್ರೈವರ್ ಜೊತೆ ಮಾತಾಡಬೇಡಿ ಅಂತ ಬೋರ್ಡ್ ಇರುತ್ತಲ್ಲ, ಅದು ಇವಳಿಗೂ ಲಾಗು" ಎಂದು ಡ್ರೈವರು ಹೇಳಿದರು. "ರಿಟೈರ್ ಆದ್ಮೇಲೆ ಹಿಂದೆ ಸೀಟೇ ಇಲ್ಲದ ಗಾಡಿ ತಗೋಬೇಕು ಅಂತ ಆಸೆ ಇತ್ತು. ಕೂತ್ರೆ ಪಕ್ಕದಲ್ಲೇ ಕೂರಬೇಕು. ತಗೊಂಡೆ. ಈಗ ಇವಳಿಗೇ ಕೂರೋಕಾಗಲ್ಲ. ಒಬ್ಬನೇ ಓಡಾಡೋಕೆ ನನಗ್ಯಾಕೆ ಇದು? ಗಾಡಿ ಕೇಳಿಕೊಂಡು ಒಬ್ರು ಬಂದಿದ್ದಾರೆ. ನಿಮ್ಮ ಹತ್ರ ಆಗದಿದ್ರೆ ಕೊಟ್ಟುಬಿಡ್ತೀನಿ."

ಆಕೆ ರಸ್ತೆ ದಾಟಿ ಬಂದರು. "ನನ್ನ ಬೆನ್ನೊಳಗೂ ಕಬ್ಬಿಣದ ಮೊಳೆ ಹೊಡೆದಿದ್ದಾರೆ ಮೇಸ್ತ್ರಿ. ಈ ಗಾಡಿಗೂ ನನಗೂ ಆಗಿ ಬರಲ್ಲ" ಎಂದು ನಕ್ಕರು. ಅಕ್ಕ ಒದ್ದೆ ಕೈಯಲ್ಲೇ ಓಡಿ ಬಂದು, ಅವರಿಗೆ ಬೆನ್ನೊರಗಿಸುವಂಥ ಕುರ್ಚಿ ಹಾಕಿದಳು. ಅಂದಿನಿಂದ ಅಕ್ಕನ ಬಾಯಲ್ಲಿ ಅವರು ಡ್ರೈವರಮ್ಮ.

ಭಾವ ಕೆಂಪು ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ರಿಮ್ಮಿನ ಅಂಚಿಗೂ ನೆಲಕ್ಕೂ ನಡುವಿನ ರಬ್ಬರಿಗೆ ಬೆರಳು ಜೋಡಿಸಿ ಅಳೆದರು. ನಾಲ್ಕು ಬೆರಳೂ ಸರಿಯಾಗಿ ತುಂಬಲಿಲ್ಲ. "ಇಲ್ಲಿ ಇರೋದೇ ಇಷ್ಟು ಜಾಗ ಡ್ರೈವರ್ ಸಾಹೇಬ್ರೇ" ಎಂದು ಡ್ರೈವರಿಗೆ ಚಕ್ರದ ಒಟ್ಟು ಎತ್ತರ ತೋರಿಸಿದರು. "ಇದು ಬದಲಾಗೋ ಹಾಗಿಲ್ಲ. ಬದಲಾದ್ರೆ ಸ್ಪೀಡಿನ ಮುಳ್ಳು ಸುಳ್ಳು ಹೇಳುತ್ತೆ, ಗೇರು ಎಳೆಯಲ್ಲ, ಮಡ್‌ಗಾರ್ಡಿಗೆ ತಾಗುತ್ತೆ. ರಿಮ್ಮಿಗೆ ಎಷ್ಟು ಕೊಡ್ತೀವೋ ರಬ್ಬರಿಗೆ ಅಷ್ಟು ಕಡಿಮೆ. ಹಿಂದಿನ ಯಜಮಾನ್ರು ಎಲ್ಲಾನೂ ರಿಮ್ಮಿಗೇ ಕೊಟ್ಟುಬಿಟ್ಟಿದ್ದಾರೆ. ಅಮ್ಮನ ಬೆನ್ನಿಗೆ ಏನೂ ಉಳಿಸಿಲ್ಲ."

ಬಾಗಿಲ ಚೀಟಿಯಲ್ಲಿ ಹದಿನಾರು ಇಂಚು ಎಂದಿತ್ತು. ಬೇರೆ ಯಾರಾದರೂ ಆಗಿದ್ದರೆ ಅದನ್ನೇ ಹಾಕಿ ಕೈ ತೊಳೆದುಕೊಳ್ಳುತ್ತಿದ್ದರು. ಭಾವ ಮಾತ್ರ ಡ್ರೈವರಮ್ಮನ ಕಡೆ ಒಮ್ಮೆ ನೋಡಿ, ಇನ್ನೂ ಒಂದು ಮೆಟ್ಟಿಲು ಕೆಳಗಿಳಿದರು. ಹದಿನೈದು. ಆಗ ರಬ್ಬರು ಆರು ಬೆರಳಾಗುತ್ತದೆ. ಇಡೀ ಪೇಟೆಯೇ ಮೇಲೆ ಹತ್ತುತ್ತಿರುವಾಗ ಸ್ಪೋರ್ಟ್ಸ್ ಕಾರಿಗೆ ಚಕ್ರ ಚಿಕ್ಕದು ಮಾಡುವವರನ್ನು ನಾನು ಇದೇ ಮೊದಲು ನೋಡಿದ್ದು. "ನೋಡೋಕೆ ಮೋಟುದ್ದ ಆಗುತ್ತೆ ಭಾವ" ಎಂದೆ. "ನೀನು ಹೊರಗೆ ನಿಂತಿದ್ದೀಯ, ಅದಕ್ಕೇ ಹಾಗೆ ಕಾಣುತ್ತೆ" ಎಂದರು.

ಚಿಕ್ಕ ರಿಮ್ಮಿಗೆ ಇರುವ ಕಂಟಕ ಬ್ರೇಕು. ದೊಡ್ಡ ರಿಮ್ಮಿನೊಳಗೆ ಆರಾಮಾಗಿ ಕೂತ ಬ್ರೇಕು ಚಿಕ್ಕದರೊಳಗೆ ಹಿಡಿಯಬೇಕಲ್ಲ. ಭಾವ ಒಂದಾದ ಮೇಲೊಂದು ರಿಮ್ ಇಳಿಸಿ ಹಾಕಿ ನೋಡಿದರು. ಕೊನೆಗೆ ಒಂದು ಸೆಟ್ ಕೂತಿತು. ಕ್ಲೇ ಬಿಡಿಸಿ ನೋಡಿದರೆ ಅರ್ಧ ಕಿರುಬೆರಳಿನ ದಪ್ಪ ಉಳಿದಿತ್ತು, ಬೇಕಾದಷ್ಟಾಯಿತು. ಅಕ್ಕ ಕೂತು ಸುತ್ತು ಹಾಕಿ ಬಂದಳು, ಸೀಮೆಸುಣ್ಣ ಒಂದಿಷ್ಟೂ ಅಳಿಸಿರಲಿಲ್ಲ. "ಹಾಸಿಗೆ ಮೇಲೆ ಕೂತ ಹಾಗಿದೆ ಕಣ್ರೀ" ಎಂದಳು.

ಆಮೇಲೆ ಡ್ರೈವರಮ್ಮ ಕೂತರು. ಡ್ರೈವರು ಇಂಜಿನ್ ಶುರು ಮಾಡಿದರು. ಕಾರು ಮಾತ್ರ ಕದಲಲಿಲ್ಲ. ಏನೋ ಕೆಟ್ಟಿತೆಂದು ಭಾವ ಕಿಟಕಿಗೆ ಬಗ್ಗಿದರೆ, ಡ್ರೈವರು ಕೆಂಪಾಗಿ ಕೂತಿದ್ದರು.

"ಏನಿಲ್ಲ ಮೇಸ್ತ್ರಿ. ಒಂದು ಬೆಲ್ ಅಂದ್ರೆ ನಿಲ್ಲಿಸು, ಎರಡು ಬೆಲ್ ಅಂದ್ರೆ ಹೊರಡು. ಕಂಡಕ್ಟರ್ ಎರಡು ಬೆಲ್ ಹೊಡೀದೆ ಕಾಲು ಕ್ಲಚ್ ಬಿಡಲ್ಲ. ಮುದಿ ಅಭ್ಯಾಸ. ಸ್ವಲ್ಪ ಹೊತ್ತು ಕಾದು, ಆಮೇಲೆ ನೆನಪಾಗಿ ಹೊರಡ್ತೀನಿ."

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವರು ಒಂದು ಸುತ್ತು ಹೋಗಿ ಬಂದಾಗ ಡ್ರೈವರಮ್ಮ ಇಳಿಯಲು ಅವಸರ ಮಾಡಲಿಲ್ಲ. ಸೀಟಿನ ಅಂಚನ್ನು ಕೈಯಿಂದ ಸವರುತ್ತ, "ಸಮುದ್ರಕ್ಕೆ ಹೋಗೋಣ್ವಾ?" ಎಂದು ಗಂಡನನ್ನು ಕೇಳಿದರು. ಸಮುದ್ರಕ್ಕೆ ಹೋಗುವ ದಾರಿಯಲ್ಲಿ ಅವರು ಎಷ್ಟು ವರ್ಷ ಬಸ್ ಓಡಿಸಿದ್ದರೋ, ಹೆಂಡತಿಯನ್ನು ಮುಂದೆ ಕೂರಿಸಿಕೊಂಡು ಒಮ್ಮೆಯೂ ಹೋದವರಲ್ಲ. ಭಾವ ಆವತ್ತು ಮನೆಗೆ ಹೋಗುವಾಗ ಶಿಳ್ಳೆ ಹಾಕಿದರೆಂದು ಅಕ್ಕ ಹೇಳಿದಳು. ನನಗೆ ನಂಬಿಕೆ ಬರಲಿಲ್ಲ.

ಆ ಶಿಳ್ಳೆ ಹೆಚ್ಚು ದಿನ ಉಳಿಯಲಿಲ್ಲ. ಒಂದು ಬೆಳಿಗ್ಗೆ ಶಟರ್ ಎತ್ತುವ ಹೊತ್ತಿಗೆ ಕೆಂಪು ಕಾರು ಇನ್ನೊಂದು ಗಾಡಿಯ ಬೆನ್ನೇರಿ ಬಂತು. ಅದರ ಹಿಂದೆ ಆಟೋದಲ್ಲಿ ಗಂಡ ಹೆಂಡತಿ. ಡ್ರೈವರ ಅಂಗಿ ಮುದುಡಿತ್ತು.

ಆದದ್ದು ಇಷ್ಟು. ಬಸ್ ಡ್ರೈವರುಗಳ ಜಾಯಮಾನವೇ ಹಾಗೆ, ದೂರ ಹೊರಡುವ ಮುಂಚೆ ಬ್ರೇಕಿನ ಮೇಲೆ ಕಣ್ಣು. ಚಕ್ರವನ್ನು ಒತ್ತಿ ನಿಲ್ಲಿಸುವ ಬ್ರೇಕ್ ಪ್ಯಾಡು ಸವೆದಿದೆ ಎಂದು ಮನೆ ಹತ್ತಿರದ ಮೆಕ್ಯಾನಿಕ್ ಕೈಲಿ ಹೊಸ ಪ್ಯಾಡು ಹಾಕಿಸಿಕೊಂಡು ಸಮುದ್ರಕ್ಕೆ ಹೊರಟಿದ್ದಾರೆ. ಊರೊಳಗೆ ಏನೂ ಇಲ್ಲ. ಇಳಿಜಾರಿನ ತಿರುವಿನಲ್ಲಿ ಮುಂದಿನ ಚಕ್ರದಿಂದ ಕರಕರ ಸದ್ದು ಶುರುವಾಗಿದೆ.

"ನನಗಿಂತ ಮೊದಲು ಇವಳಿಗೆ ಕೇಳಿಸ್ತು. ಡ್ಯಾಶ್‌ಬೋರ್ಡಿಗೆ ಒಂದು ಸಲ ಕುಟ್ಟಿದಳು. ನನ್ನ ತಲೆಗೆ ಗೊತ್ತಾಗೋ ಮೊದಲೇ ಕಾಲು ಬ್ರೇಕ್ ಮೇಲಿತ್ತು" ಎಂದರು ಡ್ರೈವರು. "ಬಸ್ ತುಂಬ ಜನ ಕೂರಿಸ್ಕೊಂಡು ಅದೇ ತಿರುವಲ್ಲಿ ಎಷ್ಟು ಸಲ ಇಳಿದಿದ್ದೀನಿ. ಒಬ್ಬರಿಗೂ ಏನೂ ಆಗಿಲ್ಲ. ಮನೆಯವಳೊಬ್ಬಳನ್ನ ಕೂರಿಸ್ಕೊಂಡೆ, ಹೀಗಾಯ್ತು. ಬೇಡ ಮೇಸ್ತ್ರಿ. ಸಾಕು. ಗಾಡಿ ಕೇಳಿದವರಿಗೆ ಬನ್ನಿ ಅಂತ ಫೋನ್ ಮಾಡ್ತೀನಿ."

ಭಾವ ಚಕ್ರ ಬಿಚ್ಚಿದರು. ರಿಮ್ಮಿನ ಕಡ್ಡಿಗಳ ಒಳಮೈಯಲ್ಲಿ ಹೊಳೆಯುವ ಗೀರು ಸುತ್ತಲೂ ಬಿದ್ದಿತ್ತು. ಹೊಸ ಪ್ಯಾಡನ್ನು ಬೆರಳಲ್ಲಿ ಮುಟ್ಟಿದರು, ಆಮೇಲೆ ಅದನ್ನು ಹಿಡಿದಿರುವ ದವಡೆಯಂಥ ಕ್ಯಾಲಿಪರ್ ಮುಟ್ಟಿದರು. ಅವರ ಮುಖ ಬಿಳಿಚಿಕೊಂಡಿತು.

ಪ್ಯಾಡು ಸವೆಯುತ್ತ ಬಂದ ಹಾಗೆ ಆ ದವಡೆ ಒಳಕ್ಕೆ ಸರಿಯುತ್ತ ಹೋಗುತ್ತದೆ. ದಪ್ಪನೆಯ ಹೊಸ ಪ್ಯಾಡು ಹಾಕಿದರೆ ಮತ್ತೆ ಹೊರಕ್ಕೆ, ಚಕ್ರದ ಕಡೆಗೆ ಬರುತ್ತದೆ. ಭಾವ ಕ್ಲೇ ಇಟ್ಟು ಅಳೆದದ್ದು ಪೂರ್ತಿ ಸವೆದ ಪ್ಯಾಡಿನ ಮೇಲೆ. ಅಂದು ಉಳಿದಿದ್ದ ಅರ್ಧ ಕಿರುಬೆರಳನ್ನು ಹೊಸ ಪ್ಯಾಡು ನುಂಗಿಬಿಟ್ಟಿತ್ತು. ನೇರ ದಾರಿಯಲ್ಲಿ ಕೂದಲೆಳೆಯಷ್ಟು ಜಾಗ ಹೇಗೋ ಸಾಕಾಗಿದೆ. ತಿರುವಿನಲ್ಲಿ ಭಾರ ಬಿದ್ದಾಗ ಸಾಕಾಗಿಲ್ಲ. ಹದಿನಾರನ್ನೇ ಹಾಕಿದ್ದರೆ ಈ ಪೇಚೇ ಇರುತ್ತಿರಲಿಲ್ಲ. ಕಾರು ಮಾಡಿದವರು ಕೊಟ್ಟದ್ದಕ್ಕಿಂತ ಅರ್ಧ ಬೆರಳು ಹೆಚ್ಚು ಮೆತ್ತಗೆ ಕೊಡಬೇಕೆಂಬ ಆಸೆಗೆ ಬಿದ್ದದ್ದೇ ಇಲ್ಲಿಗೆ ತಂದಿತ್ತು.

ನಾನು ಅವರ ಕಿವಿಯ ಹತ್ತಿರ ಬಗ್ಗಿ, "ಪ್ಯಾಡ್ ಹಾಕಿದೋನು ನೋಡಬೇಕಿತ್ತು ಭಾವ. ಅವನ ಮೇಲೆ ಹಾಕಿ. ಇಲ್ಲಾಂದ್ರೆ ಒಂದು ಸ್ಪೇಸರ್ ಬಿಲ್ಲೆ ಕೂರಿಸಿ ಚಕ್ರಾನ ಹೊರಗೆ ತಳ್ಳೋಣ, ಮುಗೀತು" ಎಂದು ಪಿಸುಗುಟ್ಟಿದೆ. ಅವರು ನನ್ನನ್ನು ನೋಡಿದ ನೋಟಕ್ಕೆ ನಾಲಿಗೆ ಕಚ್ಚಿಕೊಂಡೆ.

ಎದ್ದು ಹೋಗಿ ಡ್ರೈವರ ಮುಂದೆ ನಿಂತರು. "ನೀವು ಓಡಿಸಿದ್ದರಲ್ಲಿ ತಪ್ಪಿಲ್ಲ. ಪ್ಯಾಡ್ ಹಾಕಿದವರ ತಪ್ಪೂ ಅಲ್ಲ. ಸವೆದ ಪ್ಯಾಡಿನ ಮೇಲೆ ನಾನು ಅಳತೆ ಹಾಕಿದೆ. ತಪ್ಪು ನನ್ನದು. ನಿಮ್ಮಿಬ್ಬರನ್ನೂ ಅಪಾಯಕ್ಕೆ ತಳ್ಳಿದ್ದು ನಾನು" ಎಂದರು. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು, ಅವರಿಗೂ ಕೇಳಿಸಿತು. ಹೆಸರು ಕೆಟ್ಟರೆ ಕೆಡಲಿ ಎಂಬಂತೆ ದನಿ ಒಂದಿಷ್ಟೂ ತಗ್ಗಿಸಲಿಲ್ಲ. ನನ್ನ ಭಾವ ಎಂಥವರೆಂದು ನನಗೆ ಪೂರ್ತಿ ಗೊತ್ತಾದದ್ದು ಆವತ್ತೇ. ಹೆಮ್ಮೆಯಾಯಿತು.

ಡ್ರೈವರು ತಲೆಯಾಡಿಸಿದರು. "ನಿಮ್ಮ ಮೇಲೆ ಕೋಪ ಇಲ್ಲ ಮೇಸ್ತ್ರಿ. ನನಗೇ ಧೈರ್ಯ ಇಲ್ಲ. ಇವಳು ಪಕ್ಕದಲ್ಲಿದ್ರೆ ಇನ್ನು ನನ್ನ ಕೈ ನಿಲ್ಲಲ್ಲ." ಜೇಬಿಂದ ಫೋನು ತೆಗೆದರು.

ಆ ಫೋನನ್ನು ಡ್ರೈವರಮ್ಮ ಮೆಲ್ಲಗೆ ಅವರ ಕೈಯಿಂದ ತೆಗೆದುಕೊಂಡು ತಮ್ಮ ಚೀಲಕ್ಕೆ ಹಾಕಿಕೊಂಡರು. ಭಾವನ ಕಡೆ ತಿರುಗಿ, "ಹೋದ ಸಲ ಅಳತೆಗೆ ಕೂತು ನೋಡಿದ್ದು ನಿಮ್ಮ ಮನೆಯವರು. ಈ ಸಲ ನಾನೇ ಕೂರ್ತೀನಿ. ನೀವು ಹದಿನಾರು ಹಾಕಿ" ಎಂದರು.

"ರಬ್ಬರು ಒಂದಿಷ್ಟು ಕಡಿಮೆಯಾಗುತ್ತೆ ಅಮ್ಮ. ಐದೂವರೆ ಬೆರಳು ಮಾತ್ರ. ಅಷ್ಟು ಮೆತ್ತಗಿರಲ್ಲ."

"ಮೆತ್ತಗಿದೆಯೋ ಇಲ್ಲವೋ ಬೆನ್ನು ನನ್ನದು, ನಾನು ಹೇಳ್ತೀನಿ."

ಅಕ್ಕನ ಮುಖ ಸ್ವಲ್ಪ ಸಪ್ಪಗಾದದ್ದು ನಿಜ. ಇಷ್ಟು ವರ್ಷ ಯಾರೂ ಅವಳ ಕುರ್ಚಿಗೆ ಕೈ ಹಾಕಿರಲಿಲ್ಲ. ಆದರೂ ತನ್ನ ದಿಂಬು ತಂದು ಡ್ರೈವರಮ್ಮನ ಬೆನ್ನಿಗೆ ಕೊಟ್ಟಳು. ಅವರು ಬೇಡವೆಂದು ವಾಪಸ್ ಕೊಟ್ಟರು. ದಿಂಬಿದ್ದರೆ ಟೈರಿನ ನಿಜ ಬಣ್ಣ ಗೊತ್ತಾಗುವುದಿಲ್ಲವಂತೆ. ಅದನ್ನು ಕೇಳಿ ಬೆಳಗಿನಿಂದ ಮೊದಲ ಸಲ ಭಾವನ ಮುಖ ಚೂರು ಅರಳಿತು.

ಆಮೇಲೆ ನಡೆದದ್ದನ್ನು ನಾನು ಬೇರೆ ಯಾವ ಅಂಗಡಿಯಲ್ಲೂ ಕಂಡಿಲ್ಲ. ಹೊಸ ಪ್ಯಾಡು ಇದ್ದ ಹಾಗೇ ಇಟ್ಟುಕೊಂಡು ಭಾವ ಹದಿನಾರರ ರಿಮ್ ಹಾಕಿ ಕ್ಲೇ ನೋಡಿದರು. ಹೆಬ್ಬೆರಳ ದಪ್ಪ ಉಳಿದಿತ್ತು. ನನ್ನನ್ನೂ ಕರೆದು ಮುಟ್ಟಿಸಿದರು, ಡ್ರೈವರನ್ನೂ ಕರೆದು ಮುಟ್ಟಿಸಿದರು. ಅದೇ ಅಳತೆಯಲ್ಲಿ ಬೇರೆ ಬೇರೆ ಟೈರು ಒಂದೊಂದಾಗಿ ಹಾಕಿದರು. ನಾನು ಬ್ಯಾಲೆನ್ಸ್ ಮಾಡಿ ಮಾಡಿ ಕೊಟ್ಟೆ. ಬೆನ್ನು ಬಿದ್ದುಹೋಯಿತು ಎನ್ನಲು ನಾಚಿಕೆಯಾಗಿ ಸುಮ್ಮನಿದ್ದೆ. ಪ್ರತಿ ಸಲವೂ ಭಾವನೇ ಓಡಿಸಿದರು, ಡ್ರೈವರಮ್ಮ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತರು. ಡ್ರೈವರು ಫುಟ್‌ಪಾತಿನಲ್ಲಿ ನಿಂತು, ಕಾರು ಮೂಲೆ ತಿರುಗಿ ಮತ್ತೆ ಕಾಣುವವರೆಗೆ ಬಾಚಣಿಗೆಯನ್ನು ಕೈಯಲ್ಲಿ ತಿರುಗಿಸುತ್ತಿದ್ದರು.

"ಇದು ಗುಂಡಿಯಲ್ಲಿ ಸುಮ್ಮನಿರುತ್ತೆ, ಆದ್ರೆ ಸಣ್ಣ ಸಣ್ಣ ಕಲ್ಲನ್ನೂ ಬೆನ್ನಿಗೆ ವರದಿ ಮಾಡುತ್ತೆ" ಎಂದು ಒಂದನ್ನು ತೆಗೆಸಿದರು ಡ್ರೈವರಮ್ಮ. ಇನ್ನೊಂದು ತೊಟ್ಟಿಲ ಹಾಗೆ ತೂಗಾಡಿತು, ಅದೂ ಬೇಡ. ಮೂರನೆಯದು ಪರವಾಗಿಲ್ಲ, ಚೂರು ಗಡಸು ಎಂದರು. ಭಾವ ಇಳಿದು ಗಾಳಿ ಒಂದಿಷ್ಟು ಕಡಿಮೆ ಮಾಡಿದರು. ಹಳೇ ಚಕ್ರಕ್ಕೆ ತುಂಬುತ್ತಿದ್ದ ಗಾಳಿಯನ್ನೇ ಇದಕ್ಕೂ ತುಂಬುವುದು ಎಲ್ಲರ ಚಾಳಿ. ಅವರು ಬಾಗಿಲ ಚೀಟಿ ನೋಡಿ, ಈ ಹಗುರ ಗಾಡಿಗೆ ಎಷ್ಟು ಬೇಕೋ ಅಷ್ಟಕ್ಕೇ ಇಳಿಸಿದರು. ಮತ್ತೊಂದು ಸುತ್ತು ಹೋದರು.

ವಾಪಸ್ ಬಂದು ನಿಂತಾಗ ಡ್ರೈವರಮ್ಮನ ಕಣ್ಣು ಇನ್ನೂ ಮುಚ್ಚಿತ್ತು. ನಾವೆಲ್ಲ ಕಾದೆವು. "ನಿದ್ದೆ ಬರೋ ಹಾಗಾಯ್ತು" ಎಂದು ಕಣ್ಣು ತೆರೆದರು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ನಾನು ನೋಡಿದ್ದು ಕಂಡು, "ಧೂಳು" ಎಂದಳು. ಭಾವ ಬಗ್ಗಿ ನಾಲ್ಕೂ ಮಡ್‌ಗಾರ್ಡಿನ ಸೀಮೆಸುಣ್ಣ ನೋಡಿದರು. ಅಳಿಸಿರಲಿಲ್ಲ.

ಇನ್ನು ಡ್ರೈವರು ಕೂರಬೇಕು. ಭಾವ ಇಳಿದು ಬಾಗಿಲು ತೆರೆದು ಹಿಡಿದರು. ಅವರು ನಿಂತಲ್ಲಿಂದ ಕದಲಲಿಲ್ಲ. "ನೀವೇ ಮನೆವರೆಗೆ ಬಿಟ್ಟುಬಿಡಿ ಮೇಸ್ತ್ರಿ, ನಾನು ಆಟೋದಲ್ಲಿ ಬರ್ತೀನಿ" ಎಂದರು.

"ನಾನು ಕೂರ್ತಿದ್ದದ್ದು ನಿಮ್ಮ ಬಸ್ಸಲ್ಲಿ, ಮೇಸ್ತ್ರಿ ಬಸ್ಸಲ್ಲಿ ಅಲ್ಲ" ಎಂದು ಒಳಗಿನಿಂದ ಡ್ರೈವರಮ್ಮ ಹೇಳಿದರು.

ಅವರು ಬಂದು ಇಳಿದು ಕೂತರು. ಇಂಜಿನ್ ಶುರು ಮಾಡಿದರು. ಎರಡೂ ಕೈ ಸ್ಟೀರಿಂಗ್ ಮೇಲೆ, ಕಣ್ಣು ನೇರ ರಸ್ತೆಯ ಮೇಲೆ. ಕಾರು ಅಲ್ಲೇ ನಿಂತಿತ್ತು. ನಾವು ಹಳೇ ಅಭ್ಯಾಸವೆಂದು ಕಾದೆವು, ಆದರೆ ಈ ಸಲ ಅದು ಅಭ್ಯಾಸವಲ್ಲ ಎಂದು ಅವರ ಬಿಗಿದ ದವಡೆ ನೋಡಿದರೇ ತಿಳಿಯುತ್ತಿತ್ತು. ಹಿಂದಿನಿಂದ ಒಂದು ಸಾಮಾನಿನ ಗಾಡಿಯವನು ಹಾರ್ನ್ ಹೊಡೆದ. ಭಾವ ಅವನಿಗೆ ಕೈ ತೋರಿಸಿ ಸುಮ್ಮನಿರಿಸಿದರು.

ಡ್ರೈವರಮ್ಮ ಗಂಡನ ಕಡೆ ನೋಡಲಿಲ್ಲ. ತಾವೂ ನೇರ ರಸ್ತೆಯನ್ನೇ ನೋಡುತ್ತ, ಬೆರಳ ಗಂಟಿನಿಂದ ಡ್ಯಾಶ್‌ಬೋರ್ಡಿಗೆ ಕುಟ್ಟಿದರು. ಟಕ್ ಟಕ್. ಎರಡು ಸಲ.

ಡ್ರೈವರ ಕಾಲು ಕ್ಲಚ್ ಬಿಟ್ಟಿತು. ಕೆಂಪು ಕಾರು ಮೆಲ್ಲಗೆ ಮುಂದೆ ಹೋಗಿ, ಪ್ರೆಸ್ಸಿನ ಮುಂದಿನ ಗುಂಡಿಯಲ್ಲಿ ಇಳಿದು ಹತ್ತಿ, ಮೂಲೆಯಲ್ಲಿ ತಿರುಗಿತು. ನಾನೂ ಅಕ್ಕನೂ ಕೈ ಬೀಸಿದೆವು. ಭಾವ ಕೈ ಬೀಸಲಿಲ್ಲ, ತಲೆ ಒಂದು ಕಡೆ ವಾಲಿಸಿ ಕಿವಿಗೊಟ್ಟು ನಿಂತಿದ್ದರು. ಕಾರು ಮರೆಯಾದ ಮೇಲೂ ಸ್ವಲ್ಪ ಹೊತ್ತು ಹಾಗೇ ನಿಂತು, "ಸದ್ದಿಲ್ಲ" ಎಂದರು. ಆಮೇಲೆ ಕೈ ತೊಳೆಯಲು ಹೋದರು.

ಈಗ ನಮ್ಮ ಗೋಡೆಯ ಮೇಲೆ ರಿಮ್‌ಗಳ ನಡುವೆ ಒಂದು ಹಗ್ಗದಲ್ಲಿ ಬೇರೆ ಬೇರೆ ಗಾಡಿಗಳ ಹೊಸ ಬ್ರೇಕ್ ಪ್ಯಾಡುಗಳು ತೂಗುತ್ತವೆ. ಎಂಥ ಗಾಡಿಯೇ ಬರಲಿ, ಅವನ್ನು ಹಾಕಿಯೇ ಅಳತೆ. ಅದೇನು ಎಂದು ಕೇಳಿದವರಿಗೆಲ್ಲ ಭಾವ ತಮ್ಮ ತಪ್ಪನ್ನು ಮೊದಲಿನಿಂದ ಕೊನೆಯವರೆಗೆ ಹೇಳುತ್ತಾರೆ. ಇದರಿಂದ ವ್ಯಾಪಾರ ಕೆಡುತ್ತದೆ ಎಂದು ನಾನು ಬೇಕಾದಷ್ಟು ಸಲ ಗೊಣಗಿದ್ದೇನೆ. ಕೆಟ್ಟಂತೆ ಕಾಣುವುದಿಲ್ಲ. ಕೂತು ನೋಡುವ ಕುರ್ಚಿ ಅಕ್ಕನಿಗೆ ವಾಪಸ್ ಸಿಕ್ಕಿದೆ, ಆದರೆ ಅವಳಾದ ಮೇಲೆ ಪಕ್ಕದಲ್ಲಿ ನಿಜವಾಗಿ ಕೂರುವವರೂ ಬಂದು ಕೂರಬೇಕು. ಬಂದವರು ಎಳೆಯರಾಗಲಿ, ಮುದುಕರಾಗಲಿ, ಕಣ್ಣು ಮುಚ್ಚಿ ಕೂರಿ ಎಂದು ಭಾವ ಹೇಳುತ್ತಾರೆ.

ಕೆಂಪು ಕಾರು ಹೊರಟುಹೋದ ಆ ದಿನ ಸಂಜೆ ಶಟರ್ ಎಳೆದು ಬೀಗ ಹಾಕುವಾಗ ಭಾವ ಸ್ಕೂಟರ್ ಶುರು ಮಾಡಿ, ಅಕ್ಕ ಹಿಂದೆ ಕೂತ ಮೇಲೂ ಹೊರಡದೆ ಸುಮ್ಮನೆ ನಿಂತಿದ್ದರು.

"ಯಾಕ್ರೀ, ಪೆಟ್ರೋಲ್ ಇಲ್ವಾ?" ಎಂದಳು ಅಕ್ಕ.

ಭಾವ ನೇರ ರಸ್ತೆಯನ್ನೇ ನೋಡುತ್ತಿದ್ದರು. ಅಕ್ಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದಾಗ ಸುತ್ತಮುತ್ತ ನೋಡಿ, ನನ್ನನ್ನು ಕಂಡು ಹುಸಿಮುನಿಸಿನಿಂದ ಕಣ್ಣು ಬಿಟ್ಟು, ಗಂಡನ ಬೆನ್ನಿಗೆ ಮೆಲ್ಲಗೆ ಎರಡು ಸಲ ಕುಟ್ಟಿದಳು. ಸ್ಕೂಟರ್ ಹೊರಟಿತು.